ಎಷ್ಟು ಗಂಟೆಗೆ ಶುರುವಾಯ್ತು?

ನಮ್ಮ ಪಾರ್ಶ್ವವಾಯು ವಾರ್ಡಿನ ಡಾಕ್ಟರಿಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿ ಸೊಟ್ಟಗಾದ ರೋಗಿ ಬಂದರೆ ಮನೆಯವರಿಗೆ ಒಂದೇ ಪ್ರಶ್ನೆ: “ಎಷ್ಟು ಗಂಟೆಗೆ ಶುರುವಾಯ್ತು?” “ಬೆಳಿಗ್ಗೇನೇ. ಮಲಗಿ ಎದ್ರೆ ಸರಿಹೋಗುತ್ತೆ ಅಂದ್ಕೊಂಡ್ವಿ” ಎಂದರೋ, ಕೆಂಡಾಮಂಡಲ. “ಮನೆಗೆ ಬೆಂಕಿ ಬಿದ್ರೂ ಮಲಗೇ ಇರ್ತೀರಾ?” ಲಿಫ್ಟು ತಡವಾದರೆ ಲಿಫ್ಟಿಗೂ ಬೈಗುಳ; ನರ್ಸುಗಳಾದ ನಮಗಂತೂ ಅದೇ ಹಾಜರಿ. ತಡವಾಗಿ ಬಂದವರ ಕಾರಣಗಳನ್ನೆಲ್ಲ ಇಪ್ಪತ್ತು ವರ್ಷದಿಂದ ತಮ್ಮ ಸಂಶೋಧನೆಯ ದಪ್ಪ ಪುಸ್ತಕದಲ್ಲಿ ಬರೆದಿಡುತ್ತಾರೆ. ಮೊನ್ನೆ, ಬೈಸಿಕೊಂಡ ಸಿಟ್ಟಿನಲ್ಲೇ ಅದರ ಮೊದಲ ಪುಟ ತೆರೆದೆ. ಮೊದಲ ರೋಗಿ ಐವತ್ತೆಂಟರ ಹೆಂಗಸು, ಬಂದದ್ದು ಆರು ಗಂಟೆ ತಡವಾಗಿ. ಕಾರಣ ಡಾಕ್ಟರದೇ ಅಕ್ಷರದಲ್ಲಿತ್ತು: “ಕೈ ಜೋಮು ಹಿಡಿದಿದೆ ಅಂತ ಅಮ್ಮ ಫೋನ್ ಮಾಡಿದಳು. ಮಲಗಿ ಎದ್ದರೆ ಸರಿಹೋಗುತ್ತೆ ಅಂದೆ.”