ಹತ್ತಿದಲ್ಲೇ ಇಳಿಸುವ ದೋಣಿ

ಟೂರು ಅಂದರೆ ಆ ದಿನಗಳಲ್ಲಿ ನಮ್ಮ ಕಡೆ ಅರ್ಧ ಊರೇ ಎದ್ದು ಹೊರಟಂತೆ. ಬಸ್ಸಿನ ಮೇಲೆ ಅಕ್ಕಿ ಮೂಟೆ, ರಾಗಿ ಹಿಟ್ಟಿನ ಡಬ್ಬ, ಸೀಮೆಣ್ಣೆ ಸ್ಟೌವು, ಮುದ್ದೆ ತಿರುವುವ ಕೋಲು. ಒಳಗೆ ಇಬ್ಬರ ಸೀಟಿನಲ್ಲಿ ಮೂವರು. ನೆರಳು ಕಂಡಲ್ಲಿ ಬಸ್ಸು ನಿಲ್ಲಿಸಿ ಒಲೆ ಹಚ್ಚುವುದು. ತಿರುಪತಿಯಾಗಲಿ ರಾಮೇಶ್ವರವಾಗಲಿ, ನಮ್ಮ ಮುದ್ದೆ, ನಮ್ಮ ಸಾರು ನಮ್ಮ ಜೊತೆಗೇ ಬರಬೇಕು. ಹೋಟೆಲಿನಲ್ಲಿ ದುಡ್ಡು ಕೊಟ್ಟು ಉಣ್ಣುವವನು ಮನೆ ಹಾಳು ಮಾಡುವವನು ಎಂದೇ ಹಿರಿಯರ ತೀರ್ಮಾನ. ನೀವೂ ಆ ಬಸ್ಸುಗಳಲ್ಲಿ ಹೋಗಿಬಂದವರಾದರೆ ಡೀಸೆಲ್, ನಿಂಬೆಹಣ್ಣು, ಬಾಡಿದ ಕನಕಾಂಬರ, ಯಾರದೋ ವಾಂತಿ, ಎಲ್ಲ ಕಲಸಿದ ಆ ವಾಸನೆ ಈಗಲೂ ನಿಮ್ಮ ಮೂಗಿನಲ್ಲಿರುತ್ತದೆ. ನನ್ನ ಮೂಗಿನಲ್ಲಂತೂ ಇದೆ. ಬೇರೆಯವರಿಗೆ ಆ ವಾಸನೆ ಸಂತೋಷ ತರಬಹುದು, ನನಗೆ ತರುವುದು ಒಂದೇ ಒಂದು ಮಧ್ಯಾಹ್ನದ ನೆನಪನ್ನು.

ತೊಂಬತ್ತರ ದಶಕದ ಶುರುವಿನ ಒಂದು ಬೇಸಿಗೆ. ನನ್ನ ಏಳನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ನಮ್ಮ ಸಮೇತನಹಳ್ಳಿಯಿಂದ ಆಂಧ್ರದ ಕಡೆಗೆ ಹತ್ತು ದಿನದ ಟೂರು ಹೊರಟಿತು. ನಮ್ಮದು ಕೂಡು ಮನೆ. ಯಜಮಾನಿಕೆ ದೊಡ್ಡಪ್ಪನದು. ಮಾರ್ಕೆಟ್ಟಿಗೆ ತರಕಾರಿ ಹಾಕುವುದು, ಮಂಡಿಯಲ್ಲಿ ದುಡ್ಡು ಇಸಿದುಕೊಳ್ಳುವುದು, ನಾಲ್ಕು ಜನರ ಮುಂದೆ ಮಾತಾಡುವುದು ಎಲ್ಲ ಅವರ ಪಾಲು. ಅಪ್ಪನ ಪಾಲಿಗೆ ನೀರು ಕಟ್ಟುವುದು. ಕರೆಂಟು ಬಂದಾಗ ಮೋಟರು ಹಾಕಿ, ಮುಷ್ಟಿ ಗಾತ್ರದ ನೀರನ್ನು ಗೇಣಗಲದ ಕಾಲುವೆಯಲ್ಲಿ ಹರಿಸಿಕೊಂಡು ಹೋಗಿ, ಗುದ್ದಲಿಯಿಂದ ಒಂದು ಮಡಿಯ ಬಾಯಿ ಮುಚ್ಚಿ ಇನ್ನೊಂದರ ಬಾಯಿ ತೆಗೆಯಬೇಕು. ಬೀನ್ಸು, ಮೂಲಂಗಿ, ಕೊತ್ತಂಬರಿ. ವರ್ಷವಿಡೀ ಅದೇ ಕೆಲಸ. ದೊಡ್ಡಪ್ಪನ ಎದುರು ಬಾಯಿ ಬಿಡದ ಅಪ್ಪ ಬದುವಿನ ಮೇಲೆ ಮಾತಿನ ಮಲ್ಲ. ನಾನು ಕಾಲುವೆಯಲ್ಲಿ ಕಾಲಿಟ್ಟುಕೊಂಡು ಕೂತರೆ ಸ್ಕೂಲಿನಲ್ಲಿ ಏನು ಹೇಳಿಕೊಟ್ಟರು ಅಂತ ಕೇಳುವರು. "ಸಮುದ್ರಕ್ಕೆ ಅಷ್ಟೊಂದು ಹೊಳೆ ಸೇರಿದ್ರೂ ಯಾಕವ್ವ ತುಂಬಿ ಚೆಲ್ಲಲ್ಲ?" ನನಗೆ ಗೊತ್ತಿಲ್ಲದಿದ್ದರೂ ಏನೋ ಒಂದು ಹೇಳುತ್ತಿದ್ದೆ. ಅವರು ನಂಬುತ್ತಿದ್ದರು.

ಆ ಟೂರಿಗೆ ಅಪ್ಪ ಬರಬೇಕಾದವರೇ ಅಲ್ಲ. ದೊಡ್ಡಪ್ಪ, ದೊಡ್ಡಮ್ಮ, ಅವರ ಮಗ ಮಂಜ, ಅಜ್ಜಿ ಮತ್ತು ನಾನು ಅಂತ ಹೆಸರು ಬರೆಸಿದ್ದರು. ಹೊರಡುವ ವಾರ ಅಜ್ಜಿಗೆ ಮಂಡಿ ಊದಿಕೊಂಡಿತು. ಕೊಟ್ಟ ದುಡ್ಡು ವಾಪಸ್ಸಿಲ್ಲ ಅಂದಿದ್ದಕ್ಕೆ ಆ ಸೀಟಿಗೆ ಅಪ್ಪನನ್ನು ಕೂರಿಸಿದರು. ಅಮ್ಮ ಬರುವ ಮಾತೇ ಇರಲಿಲ್ಲ. ಹಸುಗಳ ಹಾಲು ಕರೆಯುವವರು ಯಾರು? ಅಪ್ಪನಿಗೆ ಮಾತ್ರ ಖುಷಿಯೋ ಖುಷಿ. ಹೊಸ ಟವೆಲ್ಲೊಂದನ್ನು ಮಡಿಸಿ ಮಡಿಸಿ ಚೀಲಕ್ಕೆ ಹಾಕಿದರು.

ನಾಲ್ಕನೇ ದಿನ ವಿಜಯವಾಡ. ನಮ್ಮವರ ಬಾಯಲ್ಲಿ ಬೆಜವಾಡ. ಬಿಸಿಲು ಅಂದರೆ ಎಂಥ ಬಿಸಿಲು, ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಇಟ್ಟರೆ ಕುಣಿಯಬೇಕು. ಬೆಟ್ಟದ ಮೇಲಿನ ಅಮ್ಮನವರ ದರ್ಶನ ಮುಗಿಸಿ, ಊಟ ಮಾಡಿ, ಮೂರು ಗಂಟೆಯ ಹೊತ್ತಿಗೆ ಎಲ್ಲರೂ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತರು. ಎದುರಿಗೆ ಕೃಷ್ಣಾ ನದಿ. ನಮ್ಮ ತಾಲೂಕಿನಲ್ಲಿ ಹೇಳಿಕೊಳ್ಳಲು ಪಿನಾಕಿನಿ ಅಂತ ಒಂದಿತ್ತು. ಮಳೆ ಬಂದರೆ ನಾಲ್ಕು ದಿನ ಹರಿದು ಮತ್ತೆ ಮರಳು. ಇಲ್ಲಿ ಆಚೆ ದಡವೇ ಸರಿಯಾಗಿ ಕಾಣದಷ್ಟು ನೀರು. ಅಪ್ಪ ಕೊನೆಯ ಮೆಟ್ಟಿಲಿಗೆ ಹೋಗಿ ಪಾದ ಮುಳುಗಿಸಿ ನಿಂತರು. ಕೆಳಗಡೆಯ ಬ್ಯಾರೇಜಿನ ಬಾಗಿಲುಗಳ ಕಡೆ ಕೈ ತೋರಿಸಿ, "ಅದೂ ಮಡಿ ಬಾಯಿನೇ ಕಣವ್ವ. ಅಲ್ಲಿ ಬಾಯಿ ಕಟ್ಟೋನ ಗುದ್ದಲಿ ಎಷ್ಟು ದೊಡ್ಡದಿರ್ಬೇಕು!" ಅಂದರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಗ ಟೂರು ನಡೆಸುತ್ತಿದ್ದ ಪಿಳ್ಳಪ್ಪ ಬಂದು ಕೂಗಿದ. "ಬೋಟಲ್ಲಿ ಹೋಗೋರು ಹೋಗ್ಬೋದು. ತಲೆಗೆ ಹದಿನೈದು ರೂಪಾಯಿ, ಮಕ್ಕಳಿಗೆ ಅರ್ಧ. ದುಡ್ಡು ನಿಮ್ಮ ಕೈಯಿಂದ್ಲೇ. ಐದೂವರೆಗೆಲ್ಲ ಬಸ್ ಹತ್ರ ಇರ್ಬೇಕು."

ಎಂಜಿನ್ ಹಾಕಿದ ದೋಣಿ ಅದು. ಮೇಲೆ ನೀಲಿ ಟಾರ್ಪಾಲು, ಒಳಗೆ ಎರಡು ಸಾಲು ಬೆಂಚು. ಒಂದು ಗಂಟೆ ಹೊಳೆಯಲ್ಲಿ ಸುತ್ತಿಸಿಕೊಂಡು ಬರುತ್ತಿತ್ತು. ಮೆಟ್ಟಿಲ ಮೇಲೆ ಗುಸುಗುಸು ಶುರುವಾಯಿತು. "ನೀರು ನೋಡಾಕೆ ಹದಿನೈದು ರೂಪಾಯಾ?" ಅಂತ ಒಬ್ಬರು. "ಅದೇ ದುಡ್ಡಲ್ಲಿ ಹೊಸಕೋಟೆಗೆ ನಾಕು ಸಲ ಹೋಗ್ಬರ್ಬೋದು" ಅಂತ ಇನ್ನೊಬ್ಬರು. ಹೋಗಲು ಎಲ್ಲರಿಗೂ ಆಸೆ, ಮೊದಲು ಹೇಳಲು ಎಲ್ಲರಿಗೂ ನಾಚಿಕೆ. ಎಲ್ಲರ ಕಣ್ಣು ದೊಡ್ಡಪ್ಪನ ಮೇಲೆ. ಅವರು ಹೂಂ ಅಂದರೆ ಅರ್ಧ ಬಸ್ಸು ಎದ್ದು ಹೊರಡುತ್ತಿತ್ತು.

ಅಪ್ಪ ಮೆಟ್ಟಿಲು ಹತ್ತಿ ಬಂದರು. ಪಂಚೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಣ್ಣ, ದೋಣೀಲಿ ಒಂದ್ಸಲ ಹೋಗ್ಬರಾನ?"

"ಎಲ್ಲಿಗ್ಲಾ?"

"ಎಲ್ಲಿಗೂ ಇಲ್ಲ. ಸುಮ್ನೆ ಒಂದು ಸುತ್ತು. ಅಷ್ಟು ನೀರಿನ ಮೇಲೆ ಒಂದೀಟು ಹೊತ್ತು ಕೂತ್ಕಬೇಕು ಅನ್ಸ್ತದೆ."

"ಸರಿ, ದುಡ್ಡು ಇಸ್ಕಂಡು ಎಲ್ಲಿಗೆ ತಂದು ಬಿಡ್ತಾನೆ?"

"ಇಲ್ಲಿಗೇ."

ದೊಡ್ಡಪ್ಪ ಮೆಟ್ಟಿಲ ಮೇಲಿದ್ದವರ ಕಡೆ ತಿರುಗಿದರು. "ಕೇಳ್ರಪ್ಪೋ! ನಮ್ಮ ತಮ್ಮ ಬೆಜವಾಡದಿಂದ ಬೆಜವಾಡಕ್ಕೆ ಟಿಕೀಟು ತಗೀತಾನಂತೆ!" ಎಲ್ಲರೂ ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವರು ನನ್ನನ್ನು ಕರೆದರು. "ಎಲ್ಲಿ ನಮ್ಮ ಲಾಯರಮ್ಮ? ಬಾರವ್ವ. ಹೋಗಾನೋ ಬ್ಯಾಡ್ವೋ, ನೀನೇ ನ್ಯಾಯ ಹೇಳ್ಬಿಡು."

ಮನೆಯಲ್ಲಿ ನನಗೆ ಆ ಹೆಸರಿಟ್ಟವರು ದೊಡ್ಡಪ್ಪ. ವಾದ ಮಾಡುತ್ತಿದ್ದೆ, ಲೆಕ್ಕದಲ್ಲಿ ಚುರುಕಿದ್ದೆ. ಬಂದವರ ಮುಂದೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅವರಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಅನ್ನಲಾರೆ. ನನಗಂತೂ ಅವರ ಮೆಚ್ಚುಗೆಯ ಹುಚ್ಚು. ದೋಣಿಯಲ್ಲಿ ಕೂರುವ ಆಸೆ ನನಗೂ ಇತ್ತು, ಅದು ನಿಜ. ಆದರೆ ನಲವತ್ತು ಜನ ನನ್ನನ್ನೇ ನೋಡುತ್ತಿದ್ದರು. ಅಪ್ಪನೂ ನೋಡುತ್ತಿದ್ದರು. ಇವಳು ನನ್ನವಳು, ನನ್ನ ಕಡೆಗೇ ಹೇಳುತ್ತಾಳೆ ಅನ್ನುವ ಧೈರ್ಯ ಅವರ ಮುಖದಲ್ಲಿತ್ತು.

ನಾನು ಎರಡು ಮೆಟ್ಟಿಲು ಮೇಲೆ ಹತ್ತಿ, ಸೊಂಟಕ್ಕೆ ಕೈ ಕೊಟ್ಟು ನಿಂತೆ. "ಹತ್ತಿದ ಜಾಗದಲ್ಲೇ ಇಳಿಯೋದಾದ್ರೆ ಹತ್ತೋದೇ ಯಾಕೆ? ಅಪ್ಪ ಇಲ್ಲೇ ಒಂದು ಗಂಟೆ ಕಣ್ಮುಚ್ಕಂಡು ನಿಂತ್ಕಂಬಿಡ್ಲಿ. ಹೋಗ್ಬಂದಂಗೇ ಆಯ್ತದೆ. ಪುಕ್ಸಟ್ಟೆ!"

ಮೆಟ್ಟಿಲು ಮೆಟ್ಟಿಲೇ ಬಿದ್ದು ಬಿದ್ದು ನಕ್ಕಿತು. ಪಿಳ್ಳಪ್ಪ ಚಪ್ಪಾಳೆ ತಟ್ಟಿದ. ದೊಡ್ಡಪ್ಪ ನನ್ನ ಬೆನ್ನು ಚಪ್ಪರಿಸಿ ಒಂದು ಗೋಲಿ ಸೋಡಾ ಕೊಡಿಸಿದರು. ಅಪ್ಪನೂ ನಕ್ಕರು. "ಹೌದು ಬಿಡು, ದಿಟ" ಅಂದು ಪಂಚೆ ಹಿಂಡಿಕೊಂಡರು. ಸೋಡಾ ಬಹಳ ಸಿಹಿಯಾಗಿತ್ತು. ಪೂರ್ತಿ ಕುಡಿದೆ, ಅಪ್ಪನಿಗೆ ಒಂದು ಗುಟುಕೂ ಕೊಡಲಿಲ್ಲ.

"ನೀವಿಬ್ರೂ ಬಸ್ ಹತ್ರ ನಡೀರಿ. ಅಡುಗೆಯವ್ನಿಗೆ ನೀರು ಬೇಕಂತೆ" ಅಂದರು ದೊಡ್ಡಪ್ಪ. "ನಿಮ್ಮತ್ತಿಗೆ ಬಳೆ ನೋಡ್ಬೇಕಂತೆ, ನಾವು ಆಮೇಲೆ ಬರ್ತೀವಿ." ಅಪ್ಪ ಎರಡು ಬಿಂದಿಗೆ ಹಿಡಿದು ಘಟ್ಟದ ನಲ್ಲಿಯಿಂದ ಬಸ್ಸಿಗೆ ಮೂರು ಸಲ ನೀರು ಹೊತ್ತರು. ನಾನು ಅಡುಗೆಯವನ ಪಕ್ಕ ಕೂತು ಈರುಳ್ಳಿ ಸಿಪ್ಪೆ ತೆಗೆಯುತ್ತ, ನನ್ನ ಮಾತನ್ನು ಅವನಿಗೂ ಒಂದು ಸಲ ಹೇಳಿ ನಗಿಸಿದೆ.

ಮಾರನೇ ಬೆಳಿಗ್ಗೆ ಬಸ್ಸು ಓಡುತ್ತಿತ್ತು. ಮಂಜನೂ ನಾನೂ ಹಿಂದಿನ ಸೀಟಿನ ಕೆಳಗೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ನನ್ನ ಕಾಯಿ ಬಳೆ ಚೂರು. ಮಂಜ ಜೇಬಿನಿಂದ ಒಂದು ಗುಲಾಬಿ ಚೀಟಿ ತೆಗೆದು, ನಾಲ್ಕು ಚೂರು ಮಾಡಿ, ಮಡಿಸಿ ಕಾಯಿ ಮಾಡಿಕೊಂಡ. ಒಂದು ಚೂರಿನ ಮೇಲೆ ದೋಣಿಯ ಚಿತ್ರದ ಅರ್ಧ ಇತ್ತು.

"ಇದೇನೋ?"

"ಬೋಟ್ ಟಿಕೆಟ್. ನಿಂಗೆ ಹೇಳ್ಬ್ಯಾಡ ಅಂದವ್ರೆ."

"ಯಾರ್ಯಾರು ಹೋಗಿದ್ರಿ?"

"ಅಪ್ಪ, ಅಮ್ಮ, ನಾನು. ಮಧ್ಯದಾಗೆ ಒಂದು ದ್ವೀಪ ಐತೆ ಕಣೆ. ನೀರು ಮುಖಕ್ಕೆ ಎರಚ್ತಿತ್ತು!"

ನಾನು ಆಟ ಬಿಟ್ಟು ಎದ್ದೆ. ಅಪ್ಪ ಮುಂದುಗಡೆ ಅಕ್ಕಿ ಮೂಟೆಗೆ ಒರಗಿ ಕೂತಿದ್ದರು. ಕಿವಿಯ ಹತ್ತಿರ ಹೋಗಿ ಹೇಳಿದೆ. ನನಗೆ ಅಳು ಬರುತ್ತಿತ್ತು.

"ಗೊತ್ತು ಕಣವ್ವ" ಅಂದರು. "ಎರಡನೇ ಸಲ ನೀರಿಗೆ ಹೋದಾಗ ಹತ್ತೋದು ಕಂಡೆ. ಮೂರನೇ ಸಲ ಹೋದಾಗ ದೋಣಿ ದೂರ ಹೋಗಿತ್ತು."

"ಮತ್ತೆ ಯಾಕೆ ಸುಮ್ನಿದ್ದೆ? ಕೇಳ್ಬೇಕಿತ್ತು!"

"ಏನಂತ ಕೇಳಾನ? ನ್ಯಾಯ ಆಗೋಗಿತ್ತಲ್ಲವ್ವ."

ಚುಚ್ಚಿ ಹೇಳಿದ ಮಾತಲ್ಲ ಅದು. ಚುಚ್ಚಲು ಅವರಿಗೆ ಬರುತ್ತಿರಲಿಲ್ಲ. ಇರುವುದನ್ನು ಇದ್ದ ಹಾಗೆ ಹೇಳಿ ಕಿಟಕಿಯ ಕಡೆ ತಿರುಗಿದರು.

ಮಧ್ಯಾಹ್ನ ಊಟಕ್ಕೆ ಒಂದು ಹುಣಸೆ ತೋಪಿನಲ್ಲಿ ಬಸ್ಸು ನಿಂತಿತು. ಎಲ್ಲರೂ ಎಲೆ ಹಾಕಿಕೊಂಡು ಕೂತಿದ್ದಾಗ ನಾನು ದೊಡ್ಡಪ್ಪನ ಎದುರು ನಿಂತು ಗಟ್ಟಿಯಾಗಿ ಕೇಳಿದೆ. "ನೀವು ಮೂವರೂ ದೋಣೀಲಿ ಹೋಗಿದ್ರಂತೆ. ಅಪ್ಪನ್ನ ಯಾಕೆ ಬಿಟ್ಟುಹೋದ್ರಿ?"

ದೊಡ್ಡಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಲೂ ಇಲ್ಲ. "ಹುಡುಗ ಅತ್ತ, ಕರ್ಕಂಡೋದೆ. ನಿಮ್ಮಪ್ಪ ಅತ್ನೇನೇ?"

ಮತ್ತೆ ಎಲ್ಲರೂ ನಕ್ಕರು. ಹಿಂದಿನ ದಿನ ನನ್ನ ಮಾತಿಗೆ ನಕ್ಕವರೇ. ಆ ನಗು ಎದುರಿಗೆ ನಿಂತವನಿಗೆ ಹೇಗೆ ತಾಗುತ್ತದೆ ಅಂತ ನನಗೆ ಆಗ ತಿಳಿಯಿತು. ದೊಡ್ಡಪ್ಪನ ಜೇಬಿನಲ್ಲಿದ್ದದ್ದು ಕೂಡು ಮನೆಯ ದುಡ್ಡು, ಅಪ್ಪ ನೀರು ಕಟ್ಟಿ ಬೆಳೆದ ಬೀನ್ಸಿನ ದುಡ್ಡು ಅಂತ ಹೇಳಬೇಕಿತ್ತು. ಹೊಳೆಯದೇ ಹೋಯಿತು. ಅಪ್ಪನ ವಿರುದ್ಧ ಸರಾಗವಾಗಿ ಬಂದ ಮಾತು ಅಪ್ಪನ ಪರವಾಗಿ ಬರಲಿಲ್ಲ. ಅಷ್ಟರಲ್ಲಿ ಅಪ್ಪನೇ ಎಲೆ ಬಿಟ್ಟು ಎದ್ದು ಬಂದು ನನ್ನ ತೋಳು ಹಿಡಿದರು. "ದೊಡ್ಡೋರ ಮುಂದೆ ಹಂಗೆ ಮಾತಾಡ್ಬಾರ್ದು. ಬಾ, ಉಣ್ಣು ಬಾ."

ಊರಿಗೆ ಬಂದ ಮೇಲೆ ನಾನು ಮೊದಲಿನಂತೆಯೇ ಬದುವಿನ ಮೇಲೆ ಹೋಗಿ ಕೂತೆ. ಅಪ್ಪ ನೀರು ಕಟ್ಟುತ್ತಿದ್ದರು. ಕಾಲುವೆಯಲ್ಲಿ ಕಾಲಿಟ್ಟರೆ ಬೇಡ ಅನ್ನಲಿಲ್ಲ. "ಬಿಸ್ಲಲ್ಲಿ ಕೂತ್ಕಬ್ಯಾಡ" ಅಂದರು, "ಓದ್ಕ ಹೋಗು" ಅಂದರು. ಸಮುದ್ರದ ವಿಷಯ, ಹೊಳೆಯ ವಿಷಯ ಕೇಳಲಿಲ್ಲ. ಬೇಸಿಗೆ ಮುಗಿದು ಸ್ಕೂಲು ಶುರುವಾದ ಮೇಲೂ ಕೇಳಲಿಲ್ಲ. ನಾನೇ ಬಲವಂತವಾಗಿ ಹೇಳಲು ಹೋದರೆ ದೊಡ್ಡಪ್ಪನ ಮಾತಿಗೆ ತಲೆಯಾಡಿಸುವ ಹಾಗೇ ನನಗೂ ತಲೆಯಾಡಿಸಿದರು. ನನ್ನನ್ನೂ ಅವರು ಆ ಕಡೆಯವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಪ್ರೀತಿ ಕಡಿಮೆಯಾಯಿತು ಅನ್ನಲು ಒಂದೂ ಸಾಕ್ಷಿ ಇಲ್ಲ. ಹಬ್ಬಕ್ಕೆ ಬಟ್ಟೆ ತಂದರು, ಜ್ವರ ಬಂದಾಗ ಹೊತ್ತುಕೊಂಡು ಹೋದರು. ನನ್ನ ಮುಂದೆ ಮನಸ್ಸು ಬಿಚ್ಚುವುದನ್ನು ಮಾತ್ರ ನಿಲ್ಲಿಸಿದರು.

ಮುಂದೆ ಮನೆ ಭಾಗವಾಯಿತು. ರಸ್ತೆ ಬದಿಯ ಜಮೀನು ದೊಡ್ಡಪ್ಪನಿಗೆ, ಒಳಗಿನದು ನಮಗೆ. "ನಿಂಗೆ ಯಾವ್ದು ಬೇಕು?" ಅಂತ ಪಂಚಾಯ್ತಿಯವರು ಕೇಳಿದಾಗ ಅಪ್ಪ, "ಅಣ್ಣ ಕೊಟ್ಟಿದ್ದು" ಅಂದರಂತೆ. ನಾನು ಟೀಚರ್ ಆದೆ. ಮೊದಲ ಸಂಬಳದಲ್ಲಿ, ಆಮೇಲಿನ ಎಷ್ಟೋ ಸಂಬಳಗಳಲ್ಲಿ, "ನಿಂಗೇನು ಬೇಕಪ್ಪ?" ಅಂತ ಕೇಳಿದೆ. "ಎಲ್ಲಾ ಐತೆ ಕಣವ್ವ." ಬೆಜವಾಡಕ್ಕೆ ಹೋಗಿಬರೋಣ ಅಂತ ಮೂರು ಸಲ ಕರೆದೆ. ಒಂದು ಸಲ ಬಿತ್ತನೆ, ಒಂದು ಸಲ ಹಸು ಗಬ್ಬ, ಒಂದು ಸಲ ಮಂಡಿ ನೋವು. ಆ ಬದು ಈಗ ಇಲ್ಲ. ಬೋರು ಬತ್ತಿತು, ರಸ್ತೆ ಬದಿಯ ಜಮೀನಿನ ಮೇಲೆ ಗೋಡೌನು ಎದ್ದಿತು, ಒಳಗಿನ ಜಮೀನಿಗೂ ಆಗಾಗ ಕಾರಿನಲ್ಲಿ ಬಂದು ರೇಟು ಕೇಳಿಹೋಗುತ್ತಾರೆ. ಅದಕ್ಕೆಲ್ಲ ನನಗೆ ಅಷ್ಟು ದುಃಖವಿಲ್ಲ. ನಮ್ಮ ಕಡೆ ಎಲ್ಲರ ಜಮೀನಿನ ಕಥೆಯೂ ಅದೇ.

ಅಪ್ಪ ಹೋಗಿ ಕೆಲವು ವರ್ಷಗಳಾದವು. ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಮೊದಲ ತಿಥಿಯ ಹಿಂದಿನ ದಿನ ಅಡುಗೆಯವನು ಬಂದು ಹಜಾರದಲ್ಲಿ ಕೇಳಿದ. "ಯಜಮಾನ್ರಿಗೆ ಏನು ಇಷ್ಟ ಇತ್ತು ಹೇಳಿ, ಅದನ್ನ ಮಾಡಾನ." ಅಮ್ಮ ಯೋಚಿಸಿದರು. "ಹಾಕಿದ್ದು ಉಣ್ಣೋರು. ಇಂಥದ್ದು ಬೇಕು ಅಂತ ಯಾವತ್ತೂ ಬಾಯ್ಬಿಟ್ಟು ಕೇಳ್ದೋರಲ್ಲ" ಅಂದರು. ಮಂಜನೂ ಅಲ್ಲೇ ಇದ್ದ. "ನೀನು ಅಪ್ಪನ ಬಾಲ ಆಗಿದ್ದೋಳು, ನಿಂಗೆ ಗೊತ್ತಿರ್ತದೆ" ಅಂತ ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪ ತಮಗೆ ಅಂತ ಬಾಯಿಬಿಟ್ಟು ಕೇಳಿದ್ದು ನನಗೆ ಗೊತ್ತಿರುವುದು ಒಂದೇ. ಬೇಡ ಅಂತ ತೀರ್ಪು ಕೊಟ್ಟವಳು ನಾನು. ನನಗೂ ಗೊತ್ತಿಲ್ಲ ಅಂದೆ. ಕೊನೆಗೆ ಅಡುಗೆಯವನೇ, ಒಬ್ಬಟ್ಟು ಆದರೆ ಎಲ್ಲರಿಗೂ ಆಗುತ್ತದೆ ಅಂದ. ಒಬ್ಬಟ್ಟು ಮಾಡಿಸಿ ಎಡೆ ಇಟ್ಟೆವು.