ಸ್ಟೇರಿಂಗ್ ಇಲ್ಲದ ಕಡೆಯ ಸೀಟು

ನನಗೆ ಕಾರು ಓಡಿಸಲು ಬರುವುದಿಲ್ಲ. ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ. ಈಜು ಬಾರದವರು, ಹಾಡು ಬಾರದವರು ಇರುವ ಹಾಗೆ ಇದೂ ಒಂದು. ಆದರೆ ಯುಗಾದಿಯಿಂದ ಈಚೆಗೆ ಈ ಮಾತನ್ನು ಯಾರೂ ನಂಬುತ್ತಿಲ್ಲ. ಏಕೆಂದರೆ ನಮ್ಮ ಮನೆಯ ಮುಂದೆ ಒಂದು ಕಾರು ನಿಂತಿದೆ. ಎರಡೇ ಸೀಟಿನದು, ನೆಲಕ್ಕೆ ಕಿವಿಗೊಟ್ಟು ಮಲಗಿದ ಹಾಗೆ ತಗ್ಗಾದದ್ದು, ಗುಂಡಿ ಒತ್ತಿದರೆ ಚಾವಣಿ ಕೊಡೆಯಂತೆ ಮಡಚಿಕೊಂಡು ಹಿಂದೆ ಹೋಗಿ ಅಡಗುವಂಥದು. ಬಣ್ಣ ಅರಿಶಿನ. ಅದು ನನ್ನ ಹೆಂಡತಿ ಜಯಮ್ಮನದು. ಆರಿಸಿದ್ದು ಅವಳು, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು ಅವಳು, ಓಡಿಸುವುದೂ ಅವಳೇ. ನಾನು ಎಡಗಡೆ ಕೂರುತ್ತೇನೆ.

ಇಷ್ಟು ಸರಳವಾದ ಸಂಗತಿಯನ್ನು ನಮ್ಮ ಬಸವೇಶ್ವರನಗರಕ್ಕೆ ಅರ್ಥ ಮಾಡಿಸಲು ಇನ್ನೂ ನನ್ನಿಂದ ಆಗಿಲ್ಲ. ಪೆಟ್ರೋಲ್ ಬಂಕಿನವನು ಅವಳ ಬಾಗಿಲ ಪಕ್ಕದಲ್ಲೇ ನಿಂತು, ಅವಳ ತಲೆಯ ಮೇಲಿಂದ ನನ್ನನ್ನು ಕೇಳುತ್ತಾನೆ: "ಸಾರ್, ಫುಲ್ ಮಾಡ್ಲಾ?" ಒಮ್ಮೆ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಸ್ಕೂಟರಿನ ಹಿರಿಯರೊಬ್ಬರು, "ಮೇಡಮ್‌ಗೆ ಡ್ರೈವಿಂಗ್ ಕಲಿಸ್ತಾ ಇದೀರಾ? ಒಳ್ಳೇದು ಸಾರ್, ಧೈರ್ಯ ಬೇಕು" ಎಂದರು. ಧೈರ್ಯ ಯಾರಿಗೆ ಬೇಕು ಎಂದು ಅವರು ಹೇಳಲಿಲ್ಲ. ಅಷ್ಟರಲ್ಲಿ ಹಸಿರು ದೀಪ ಬಂತು, ಅವಳು ಹೊರಟಳು, ನಾನು ಬಾಗಿಲ ಹಿಡಿ ಹಿಡಿದುಕೊಂಡೆ.

ಮುಚ್ಚಿದ ಕಾರಿನ ನಿಜವಾದ ಉಪಯೋಗ ಬಿಸಿಲು ಮಳೆ ತಡೆಯುವುದಲ್ಲ, ಊರಿನ ಅಭಿಪ್ರಾಯ ತಡೆಯುವುದು ಎಂದು ನನಗೆ ಗೊತ್ತಾದದ್ದು ಈ ಕಾರಿನಲ್ಲಿ ಕೂತ ಮೇಲೆ. ಗಾಜು ಏರಿಸಿದವರಿಗೆ ಜನ ಏನಂದರೂ ಕೇಳುವುದಿಲ್ಲ. ನಮಗೆ ಎಲ್ಲವೂ ಕೇಳುತ್ತದೆ. "ಯಾರ್ದೋ ಕಾರು." "ಮಗಂದಿರ್ಬೇಕು." "ಇಲ್ಲ ಮಚ್ಚಾ, ಶೂಟಿಂಗು, ಹಿಂದೆ ಕ್ಯಾಮೆರಾ ಬರುತ್ತೆ ನೋಡು." ಒಬ್ಬರು ನಿಜವಾಗಿಯೂ ಹಿಂದೆ ತಿರುಗಿ ನೋಡಿದರು.

ಅವರ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ತೆರೆದ ಗಾಡಿ ಹತ್ತಬೇಕಾದರೆ ಒಂದು ಕಾರಣ ಬೇಕು. ದೇವರಾಗಿರಬೇಕು, ಮದುಮಗನಾಗಿರಬೇಕು, ಚುನಾವಣೆಗೆ ನಿಂತಿರಬೇಕು, ಇಲ್ಲವೇ ಸತ್ತಿರಬೇಕು. ಈ ನಾಲ್ಕೂ ಅಲ್ಲದೆ, ಸೀರೆ ಉಟ್ಟ, ಕನ್ನಡಕ ಹಾಕಿದ, ನಿವೃತ್ತ ಗಣಿತದ ಟೀಚರೊಬ್ಬಳು ಸೊಪ್ಪು ತರಲು ತೆರೆದ ಕಾರಿನಲ್ಲಿ ಹೋದರೆ ಅವಳನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಕಾರನ್ನೇ ಯಾವ ಲೆಕ್ಕಕ್ಕೆ ಸೇರಿಸಬೇಕೆಂಬುದೂ ಇನ್ನೂ ತೀರ್ಮಾನವಾಗಿಲ್ಲ. ನಮ್ಮ ಬೀದಿಯ ಹೆಂಗಸರ ಪ್ರಕಾರ ಅದು ಪುಂಡ ಹುಡುಗರ ಕಾರು. ನನ್ನ ಬಾಮೈದ ನಂಜಪ್ಪನ ಮಗ ದಿನಾ ಜಿಮ್ಮಿಗೆ ಹೋಗುವ ಹುಡುಗ; ಅವನು ತೋಳಿನ ಗಂಟುಗಳನ್ನು ಒಮ್ಮೆ ನೋಡಿಕೊಂಡು, "ಅಯ್ಯೋ ಮಾಮ, ಅದು ಲೇಡೀಸ್ ಕಾರು. ಅದ್ರಲ್ಲಿ ಹೋದ್ರೆ ಫ್ರೆಂಡ್ಸು ಬಿಡ್ತಾರಾ?" ಎಂದ. ಹೀಗೆ ಗಂಡಸರು ಹೆಂಗಸರದ್ದೆಂದೂ ಹೆಂಗಸರು ಗಂಡಸರದ್ದೆಂದೂ ಬಿಟ್ಟುಕೊಟ್ಟ ಕಾರಿನಲ್ಲಿ ಗಂಡಹೆಂಡಿರಿಬ್ಬರೂ ಕೂತು ಓಡಾಡುತ್ತಿದ್ದೇವೆ. ಪಾಪ, ಕಾರಿಗೆ ಈ ಚರ್ಚೆ ಗೊತ್ತಿಲ್ಲ. ಅದು ಯಾರು ತುಳಿದರೂ ಓಡುತ್ತದೆ.

ಜಯಮ್ಮನಿಗೆ ಚಾವಣಿ ಇಲ್ಲದ ಗಾಡಿ ಹೊಸದಲ್ಲ. ಅವಳ ತವರು ಹೇರೋಹಳ್ಳಿ. ಅದು ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅವಳ ಅಪ್ಪನಿಗೆ ಒಂದು ಟ್ರ್ಯಾಕ್ಟರ್ ಇತ್ತು. ಆಳು ಕೈಕೊಟ್ಟ ದಿನ ಅಪ್ಪ ಮಗಳಿಗೆ ಓಡಿಸುವುದನ್ನು ಕಲಿಸಿದರು. ಲಂಗ ಎತ್ತಿ ಕಟ್ಟಿ ಅವಳು ರಾಗಿ ಹೊಲ ಉತ್ತಳು, ಗೊಬ್ಬರ ಹೊಡೆದಳು. ಆಮೇಲೆ ತಮ್ಮ ನಂಜಪ್ಪನಿಗೆ ಮೀಸೆ ಚಿಗುರಿತು. ಒಂದು ಬೆಳಗ್ಗೆ ಗೋಡೆಯ ಗೂಟದ ಮೇಲೆ ಟ್ರ್ಯಾಕ್ಟರಿನ ಕೀ ಇರಲಿಲ್ಲ, ತಮ್ಮನ ಜೇಬಿನಲ್ಲಿತ್ತು. ಯಾರೂ ಜಗಳವಾಡಲಿಲ್ಲ, ಯಾರೂ ಕಾರಣ ಹೇಳಲಿಲ್ಲ. ನಂಜಪ್ಪ ಆ ವಾರವೇ ಟ್ರ್ಯಾಕ್ಟರನ್ನು ಕೆರೆಯ ಕೆಸರಿಗೆ ಇಳಿಸಿದನಂತೆ. ಅದಕ್ಕೆ ಕೆರೆಯನ್ನು ಬೈದರಂತೆ.

ಇದು ಹೊಸ ನ್ಯಾಯವೇನಲ್ಲ. ನಮ್ಮ ಪುರಾಣದ ಒಬ್ಬ ರಾಣಿ, ಯುದ್ಧದ ನಡುವೆ ಗಂಡನ ರಥದ ಕೀಲು ಕಳಚಿಬಿದ್ದಾಗ ತನ್ನ ಬೆರಳನ್ನೇ ಕೀಲಾಗಿ ಕೊಟ್ಟು ರಥ ಉರುಳದಂತೆ ನೋಡಿಕೊಂಡಳು. ಅದೂ ಚಾವಣಿ ಇಲ್ಲದ ಗಾಡಿಯೇ ಇರಬೇಕು. ಆ ಬೆರಳು ಯಾರಿಗೂ ನೆನಪಿಲ್ಲ. ಮುಂದೆ ಅವಳು ಎರಡು ವರ ಕೇಳಿದ್ದು ಮಾತ್ರ ಎಲ್ಲರಿಗೂ ನೆನಪಿದೆ.

ಹೇರೋಹಳ್ಳಿಯ ಹೊಲ ಸೈಟುಗಳಾದ ಮೇಲೆ ಅಕ್ಕತಮ್ಮಂದಿರಿಗೆ ಪಾಲು ಬಂತು. ನಂಜಪ್ಪ ಒಂದು ಲಾರಿಯಷ್ಟು ಎತ್ತರದ ಕಾರು ತೆಗೆದುಕೊಂಡ. ಬೀದಿಯ ಕೊನೆಯ ಅಂಗಡಿಯಿಂದ ಕರಿಬೇವು ತರಲು ಅದರಲ್ಲಿ ಹೋಗುತ್ತಾನೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಅದು ಗೇಟಿನ ಕಂಬಕ್ಕೆ ಎರಡು ಸಲ ಉಜ್ಜಿತು. ಕಂಬ ಒಡೆಸಿ ಅಗಲಕ್ಕೆ ಕಟ್ಟಿಸಿದ. ಜಯಮ್ಮ ಈ ಪುಟ್ಟ ಕಾರು ತಂದಾಗ ಮಾತ್ರ ಎಲ್ಲರೂ ಕೇಳಿದರು, ಯಾಕೆ ಎಂದು. ಅವಳು, "ಗಾಳಿಗೆ" ಎಂದಳು. ಉತ್ತರ ಯಾರಿಗೂ ಸಾಲಲಿಲ್ಲ.

ಈಗ ಆ ಭಾನುವಾರದ ವಿಷಯಕ್ಕೆ ಬರುತ್ತೇನೆ. ನಿಧಾನವಾಗಿ ಹೇಳುತ್ತೇನೆ.

ನಂಜಪ್ಪನ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಮುದ್ದೆ, ನಾಟಿಕೋಳಿ ಸಾರು. ಮಾಗಡಿ ರಸ್ತೆ ಬಿಟ್ಟು ಹೇರೋಹಳ್ಳಿಯ ಒಳಗೆ ತಿರುಗಿದ ಮೇಲೆ ಅದನ್ನು ರಸ್ತೆ ಎನ್ನುವುದು ಮರ್ಯಾದೆಗೆ. ಪೈಪಿಗಾಗಿ ಅಗೆದಿದ್ದರು, ಎಡಗಡೆ ಜಲ್ಲಿ ಗುಡ್ಡೆ ಹಾಕಿದ್ದರು. ಎದುರಿನಿಂದ ನೀರಿನ ಟ್ಯಾಂಕರ್ ಬರುತ್ತಿತ್ತು. ಅದಕ್ಕೆ ದಾರಿ ಬಿಡಲೆಂದು ಜಯಮ್ಮ ಗುಡ್ಡೆಗಿಂತ ಹಿಂದೆಯೇ ಗಾಡಿ ನಿಲ್ಲಿಸಿದಳು. ನಿಲ್ಲಿಸಿದಳು ಎಂಬುದನ್ನು ದಯವಿಟ್ಟು ಗಮನಿಸಿ. ನಿಲ್ಲಿಸಿ, ಸೆರಗು ಸರಿಮಾಡಿಕೊಂಡಳು.

ಆಗ ಟ್ಯಾಂಕರಿಗೂ ಜಲ್ಲಿಗೂ ನಡುವಿನ ಸಂದಿಯಿಂದ ಒಂದು ಬೈಕು ನುಗ್ಗಿ, ನಮ್ಮ ಎಡಬದಿಗೆ, ತಪ್ಪು ದಿಕ್ಕಿನಲ್ಲಿ ಬಂತು. ನಲವತ್ತು ದಾಟಿದ ಗಂಡಸು. ಹೆಲ್ಮೆಟ್ ಇತ್ತು, ಮೊಳಕೈಯಲ್ಲಿ ನೇತಾಡುತ್ತಿತ್ತು. ಆತ ನನ್ನನ್ನೇ ನೋಡುತ್ತಿದ್ದ. ನನ್ನ ಮುಖ ನೋಡಿದ, ಎದೆ ನೋಡಿದ, ಮಡಿಲಲ್ಲಿದ್ದ ಕೈಗಳನ್ನು ನೋಡಿದ. ನೋಡುತ್ತಾ ನೋಡುತ್ತಾ ಆತನ ಕಣ್ಣು ದೊಡ್ಡದಾಯಿತು. ಆಮೇಲೆ ಧಡ್ ಎಂದಿತು. ಮರುಕ್ಷಣ ನನ್ನ ತೊಡೆಯ ಮೇಲೆ ಒಂದು ತಲೆ ಬಂದು ಬಿತ್ತು.

ತಲೆಯಲ್ಲ, ಹೆಲ್ಮೆಟ್. ಆದರೆ ಅದು ಹೆಲ್ಮೆಟ್ ಎಂದು ತಿಳಿಯುವ ಮೊದಲಿನ ಆ ಒಂದು ಗಳಿಗೆ ನನ್ನೊಳಗೆ ಇನ್ನೂ ಮುಗಿದಿಲ್ಲ. ಎರಡು ಕೈಯಲ್ಲೂ ಅದನ್ನು ತಬ್ಬಿ ಹಿಡಿದು ಕೂತುಬಿಟ್ಟೆ.

ಆತ ಜಲ್ಲಿಯ ಮೇಲೆ ಕೂತಿದ್ದ. ತಲೆ ಇರಬೇಕಾದಲ್ಲೇ ಇತ್ತು. ಮೊದಲು ಮಾತಾಡಿದ್ದು ಆತನೇ, ನನ್ನ ಜೊತೆ. "ಅಲ್ಲಾ ಸಾರ್, ನಿಮ್ ಮುಂದೆ ಸ್ಟೇರಿಂಗೇ ಇಲ್ವಲ್ಲ ಸಾರ್! ದೂರದಿಂದ ನಿಮ್ಮನ್ನೇ ನೋಡ್ಕೊಂಡ್ ಬಂದೆ. ಸ್ಟೇರಿಂಗ್ ಇಲ್ದೆ ಹೆಂಗೆ ಓಡಿಸ್ತಾವ್ರೆ ಅಂತ ಗಾಬರಿಯಾಗಿ ಬ್ರೇಕೇ ಮರ್ತೋಯ್ತು."

"ಓಡಿಸೋದು ಇವರು" ಎಂದೆ.

ಆತ ಜಯಮ್ಮನನ್ನು ಆಗಲೇ ಮೊದಲ ಸಲ ನೋಡಿದ. "ಹೌದಾ? ಮೇಡಮ್ಮೋರು ಸುಮ್ನೆ ಪಕ್ಕದಲ್ಲಿ ಕೂತವ್ರೆ ಅನ್ಕೊಂಡೆ."

ನಾನು ಕೆಲಸ ಮಾಡಿದ್ದು ಕೋರ್ಟಿನಲ್ಲಿ, ಸ್ಟೆನೋ ಆಗಿ. ಸಾಕ್ಷಿಗಳ ಮಾತನ್ನು ಟೈಪು ಮಾಡಿ ಮಾಡಿ ನಾನು ಕಲಿತದ್ದು ಎರಡೇ ಸಂಗತಿ. ಸದ್ದು ಕೇಳಿ ತಿರುಗಿದವರೆಲ್ಲ ಮೊದಲಿಂದ ನೋಡಿದೆ ಎನ್ನುತ್ತಾರೆ. ಮತ್ತು ಮನುಷ್ಯ ಗಾಬರಿಯಲ್ಲಿ ಆಡುವ ಮೊದಲ ಮಾತಿನಲ್ಲಿ ಇರುವಷ್ಟು ನಿಜ ಆಮೇಲೆ ಆಡುವ ಮಾತುಗಳಲ್ಲಿ ಇರುವುದಿಲ್ಲ. ಎರಡೂ ಅಲ್ಲೇ, ನನ್ನ ಕಣ್ಣ ಮುಂದೆ ನಡೆದವು. ಟೀ ಅಂಗಡಿಯಿಂದ, ಪಂಕ್ಚರ್ ಅಂಗಡಿಯಿಂದ ಜನ ಬಂದರು.

"ಏನಾಯ್ತು ಗುರು?"

"ಲೇಡೀಸ್ ಡ್ರೈವಿಂಗು."

"ಅದಕ್ಕೇ ಮತ್ತೆ!"

"ಅದೂ ಟಾಪ್ ಬಿಚ್ಕೊಂಡು ಶೋಕಿ ಬೇರೆ."

ಇಷ್ಟು ಜನ ತನ್ನ ಪರವಾಗಿ ನಿಂತದ್ದು ಕಂಡು ಬೈಕಿನವನಿಗೂ ನೆನಪು ಬದಲಾಯಿತು. "ಮೇಡಮ್ಮು ವಸಿ ಸ್ಪೀಡಲ್ಲೇ ಬಂದ್ರಣ್ಣ" ಎಂದ. ಅಷ್ಟರಲ್ಲಿ ಜಯಮ್ಮ ಇಳಿದು ಅವನ ಮುಂದೆ ಕೂತಿದ್ದಳು. "ಕೈ ಮಡಚು. ಬಿಚ್ಚು. ಬೆರಳು ಆಡಿಸು. ಮೂಳೆಗೇನೂ ಆಗಿಲ್ಲ, ತರಚಿದೆ ಅಷ್ಟೆ. ಹೆಲ್ಮೆಟ್ ಹಾಕ್ಕೊಳೋದು ಮೊಳಕೈಗಾ?"

"ಇಲ್ಲ ಮಿಸ್" ಎಂದ ಆತ.

ಬಿಳಿ ಅಂಗಿಯ ಒಬ್ಬರು ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ, "ನೀವು ವಯಸ್ಸಾದೋರು ಸಾರ್. ಇಂಥ ಗಾಡಿ ಹೆಂಗಸ್ರ ಕೈಗೆ ಕೊಟ್ಟು ನೀವು ಪಕ್ಕದಲ್ಲಿ ಕೂರೋದಾ?" ಎಂದರು.

"ಗಾಡಿ ನಿಂತಿತ್ತು" ಎಂದೆ. ನನ್ನ ದನಿ ನಡುಗುತ್ತಿತ್ತು. ದನಿ ನಡುಗಿದರೆ ಸುಳ್ಳು ಎಂದು ಜನ ತಿಳಿಯುತ್ತಾರೆ. ಕೋರ್ಟಿನಲ್ಲಿ ನಾನೂ ಹಾಗೇ ತಿಳಿದಿದ್ದೆ. "ಗಾಡಿ ಪೂರ್ತಿ ನಿಂತಿತ್ತು. ಇವರು ನನ್ನನ್ನು ನೋಡುತ್ತಿದ್ದರು."

ಗುಂಪಿನಿಂದ ಯಾರೋ, "ಬಿಡ್ರೋ, ಸಾರ್‌ಗೆ ರಾತ್ರಿ ಊಟ ಮನೇಲೇ ಆಗ್ಬೇಕಲ್ಲ" ಎಂದರು. ಎಲ್ಲರೂ ನಕ್ಕರು. ದಾರಿ ಸಿಗದ ಟ್ಯಾಂಕರಿನವನು ಹಾರನ್ನಿನ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ, ಗುಂಪು ಚದುರಿತು. ಬೈಕಿನವನು ಹೊರಡುವಾಗ ಮೆಲ್ಲಗೆ, "ಸಾರ್, ಹೆಲ್ಮೆಟ್ಟು" ಎಂದ. ನಾನು ಅದನ್ನು ಇನ್ನೂ ತಬ್ಬಿಕೊಂಡೇ ಇದ್ದೆ.

ನಂಜಪ್ಪ ಗೇಟಿನಲ್ಲೇ ಕಾರಿನ ನಜ್ಜಿದ ಮೂತಿ ನೋಡಿದ. "ಯಾರಿಗ್ ಗುದ್ದಿದೆ ಅಕ್ಕ?"

"ನಾನ್ ಗುದ್ದಿಲ್ಲ ಕಣೋ. ನಿಂತಿದ್ದೆ, ಅವನೇ ಬಂದು ಗುದ್ದಿದ."

"ಎಲ್ರೂ ಹೇಳೋದು ಹಂಗೇಯ. ನಿಂಗ್ಯಾಕ್ ಬೇಕಿತ್ತು ಇದೆಲ್ಲ? ಭಾವನ ಮಖ ನೋಡು, ಸುಣ್ಣದಂಗಾಗೈತೆ. ಕೊಡಿಲ್ಲಿ ಕೀ. ಈ ವಾರದೊಳಗೆ ಮಾರಿಸಿ ಕೊಡ್ತೀನಿ." ಹಾಗೆಂದು ಕೈ ಚಾಚಿದ.

ಜಯಮ್ಮ ಒಳಗೆ ಬಂದು ಟೀಪಾಯಿಯ ಮೇಲೆ ಕೀ ಇಟ್ಟಳು. ಹೊಲ ಉಳುತ್ತಿದ್ದ ಹುಡುಗಿ ಖಾಲಿ ಗೂಟದ ಮುಂದೆ ನಿಂತದ್ದನ್ನು ನಾನು ಕಂಡವನಲ್ಲ. ಆದರೆ ಹೇಗೆ ನಿಂತಿದ್ದಿರಬೇಕೆಂದು ಆಗ ಗೊತ್ತಾಯಿತು. ಅವಳು ನನ್ನ ಕಡೆ ನೋಡಿದಳು. ನಡೆದದ್ದನ್ನು ನೋಡಿದವನು ನಾನೊಬ್ಬನೇ. ನಾನು ಸುಮ್ಮನಿದ್ದರೆ ಕೀ ಎರಡನೆಯ ಸಲ ಅದೇ ಜೇಬಿಗೆ ಹೋಗುತ್ತಿತ್ತು.

ಸುಮ್ಮನಿರುವ ಆಸೆ ನನಗೆ ಇರಲಿಲ್ಲ ಎಂದರೆ ಅದು ಸುಳ್ಳು ಸಾಕ್ಷಿಯಾಗುತ್ತದೆ. ಆ ಕಾರಿನಿಂದ ಏಳಲು ನನಗೆ ಯಾರಾದರೂ ಕೈ ಕೊಡಬೇಕು. ಧೂಳಿಗೆ ಕೆಮ್ಮು. ಊರಿನವರ ಮಾತು. ಈಗ ತೊಡೆಯ ಮೇಲೆ ಬಿದ್ದ ಆ ತಲೆ. ಕಾರು ಹೋದರೆ ನಾನು ಮೊದಲಿನ ಹಾಗೆ ಬಸ್ಸಿನ ಹಿರಿಯ ನಾಗರಿಕರ ಸೀಟಿನಲ್ಲಿ ಮರ್ಯಾದೆಯಾಗಿ ಕೂರಬಹುದಿತ್ತು.

"ನಂಜಪ್ಪ," ಎಂದೆ, "ಗಾಡಿ ನಿಂತಿತ್ತು. ಅವನು ತಪ್ಪು ದಿಕ್ಕಿನಲ್ಲಿ ಬಂದ. ನನ್ನ ಮುಂದೆ ಸ್ಟೇರಿಂಗ್ ಹುಡುಕ್ತಾ ಇದ್ದ."

"ಏನು?"

"ಗಂಡಸು ಕೂತಿದಾನೆ ಅಂದ್ಮೇಲೆ ಸ್ಟೇರಿಂಗ್ ಅಲ್ಲೇ ಇರ್ಬೇಕು ಅಂತ ಹುಡುಕಿದ. ಸಿಗಲಿಲ್ಲ, ಗಾಬರಿ ಬಿದ್ದ, ಗುದ್ದಿದ. ಅವನೇ ನನ್ನ ಹತ್ರ ಹೇಳಿದ. ಅಪಘಾತಕ್ಕೆ ಕಾರಣ ಯಾರಾದ್ರೂ ಇದ್ರೆ ಅದು ನಾನು. ಜಯ ಅಲ್ಲ."

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಂಜಪ್ಪನ ಹೆಂಡತಿ ಸಾವಿತ್ರಿ ಮುದ್ದೆ ತಿರುವುವ ಕೋಲು ಹಿಡಿದು ಬಾಗಿಲಿಗೆ ಬಂದಳು. ಮೊದಲು ನಕ್ಕವಳು ಅವಳೇ.

ನಂಜಪ್ಪ ನಗಲಿಲ್ಲ. ಯೋಚಿಸಿ, "ಹಂಗಾದ್ರೆ ನೀವು ಹಿಂದೆ ಕೂತ್ಕಳಿ ಭಾವ" ಎಂದ.

"ಹಿಂದೆ ಸೀಟೇ ಇಲ್ಲ ಕಣಪ್ಪ."

"ಹಂಗಾದ್ರೆ ಮನೇಲಿರಿ."

"ಅವರ್ಯಾಕೆ ಮನೇಲಿರ್ಬೇಕು?" ಎಂದಳು ಸಾವಿತ್ರಿ. "ಗೇಟಿನ ಕಂಬಕ್ಕೆ ಎರಡು ಸಲ ಉಜ್ಜಿದೋರು ಮನೇಲಿದಾರಾ?" ಟೀಪಾಯಿಯಿಂದ ಕೀ ತೆಗೆದು ಜಯಮ್ಮನ ಕೈಯಲ್ಲಿಟ್ಟಳು. "ಅಕ್ಕ, ಊಟ ಆದ್ಮೇಲೆ ನನ್ನೂ ಒಂದ್ ರೌಂಡು ಕರ್ಕೊಂಡ್ ಹೋಗು. ಟಾಪ್ ಬಿಚ್ಚೇ."

ಹೋದರು. ಆ ಹೊತ್ತು ನಾನೂ ನಂಜಪ್ಪನೂ ಹಜಾರದಲ್ಲಿ ಎದುರುಬದುರಾಗಿ ಕೂತಿದ್ದೆವು. ಇಬ್ಬರ ಮುಂದೆಯೂ ಸ್ಟೇರಿಂಗ್ ಇರಲಿಲ್ಲ. ಹೊರಗಿನ ಒಂದೊಂದು ಹಾರನ್ನಿಗೂ ಅವನು ಕಿಟಕಿಯ ಕಡೆ ಕತ್ತು ಚಾಚುತ್ತಿದ್ದ. ಮೊದಲು ಅಕ್ಕನ ಬಗ್ಗೆ ಭಯ ಎಂದುಕೊಂಡೆ. ಆಮೇಲೆ ಹೆಂಡತಿಯ ಬಗ್ಗೆ ಎಂದು ಅನ್ನಿಸಿತು. ಎರಡೂ ನನ್ನ ಊಹೆ, ದಾಖಲಿಸುವಂಥದಲ್ಲ.

ಸಂಜೆ ವಾಪಸು ಬರುವಾಗ ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ನಮ್ಮ ಎಡಕ್ಕೆ ಒಂದು ಬಸ್ಸು ನಿಂತಿತು. ಕಿಟಕಿಯ ಸೀಟಿನಲ್ಲಿದ್ದ ಒಬ್ಬ ಅಜ್ಜಿ ಮೇಲಿನಿಂದ ನಮ್ಮ ಕಾರಿನೊಳಕ್ಕೆ ಬಾವಿಗೆ ಇಣುಕುವ ಹಾಗೆ ಇಣುಕಿದರು. ನನ್ನನ್ನು ನೋಡಿದರು. ನಾನು ಕೈಗಳನ್ನು ಅಡಗಿಸಿಕೊಂಡೆ. ಅವರು ನನ್ನನ್ನು ದಾಟಿ ಜಯಮ್ಮನನ್ನು ನೋಡಿ ಕೇಳಿದರು:

"ನೀನೇ ಓಡಿಸ್ತೀಯೇನವ್ವಾ?"

"ಹೂಂ ಅಜ್ಜಿ."

ಅಜ್ಜಿ ಮತ್ತೆ ನನ್ನ ಕಡೆ ತಿರುಗಿ, ಅಂದಿನ ಇಡೀ ದಿನದಲ್ಲಿ ಬೇರೆ ಯಾರಿಗೂ ಹೊಳೆಯದ ಪ್ರಶ್ನೆ ಕೇಳಿದರು.

"ಮತ್ತೆ ಇವ್ರು ಯಾತಕ್ಕೆ?"

ಹಸಿರು ದೀಪ ಬಂತು. ಜಯಮ್ಮ ಗೇರು ಹಾಕುತ್ತಾ, ನಗು ತಡೆದುಕೊಂಡು, ಮೇಲೆ ನೋಡಿ ಹೇಳಿದಳು:

"ಸಾಕ್ಷಿಗೆ, ಅಜ್ಜಿ."