ಸುಜಾತಕ್ಕನ ಹೃದಯದ ತೂತೂ ಹೆಣ್ಣು ನೋಡುವ ಶಾಸ್ತ್ರವೂ

ಹುಡುಗಿಯ ಹೃದಯದಲ್ಲಿ ತೂತಿದೆ ಎಂದು ಗೊತ್ತಿದ್ದೂ ಮದುವೆ ಮುಗಿಯುವವರೆಗೆ ಮುಚ್ಚಿಡುವುದು ತಪ್ಪು. ಅವಳಿಗೂ ಮೋಸ, ಕಟ್ಟಿಕೊಳ್ಳುವವನಿಗೂ ಮೋಸ.

ಕಲ್ಯಾಣದುರ್ಗದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ನಡೆಯುತ್ತಿದ್ದದ್ದು ಇದೇ.

ಅವರ ಮಗಳು ಸುಜಾತಕ್ಕನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದೆ, ತಡಮಾಡದೆ ಮುಚ್ಚಿಸಿ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ಚಿಕ್ಕಮ್ಮ ರಿಪೋರ್ಟನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟು ಗಂಡು ಹುಡುಕತೊಡಗಿದರು.

ಅಕ್ಕ ಇದನ್ನು ಫೋನಿನಲ್ಲಿ ಹೇಳಿದ ಮೇಲೆ ನಾನು ಬಿಡುತ್ತೇನಾ... ಹೃದಯದ ಬಗ್ಗೆ ಸಿಕ್ಕ ಕರಪತ್ರಗಳನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು ನಮ್ಮೂರು ಹಿಂದೂಪುರದಲ್ಲಿ ಬಸ್ ಹತ್ತಿದೆ.

"ಎದೆ ಸೀಳಿದ ಗುರುತು ಇದ್ರೆ ಯಾರಮ್ಮ ಕಟ್ಕಂತಾರೆ?" ಅಂದರು ಚಿಕ್ಕಮ್ಮ.

ಎದೆ ಸೀಳುವುದೇ ಇಲ್ಲ ಎಂದು ವಿವರಿಸಿದೆ. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಟ್ಯೂಬ್ ಹೃದಯದವರೆಗೆ ಹೋಗುತ್ತದೆ. ಅದರೊಳಗೆ ಮಡಚಿಟ್ಟ ಪುಟ್ಟ ಮುಚ್ಚಳ ತೂತಿನ ಎರಡೂ ಬದಿಗೆ ಬಿಚ್ಚಿಕೊಂಡು ಕೂರುತ್ತದೆ. ಎಲ್ಲರಿಗೂ ಇದು ಆಗುವುದಿಲ್ಲ, ಅಕ್ಕನಿಗೆ ಆಗುತ್ತದೆ ಎಂದು ಅವಳು ಬೀರುವಿನಿಂದ ತೆಗೆದುಕೊಟ್ಟ ರಿಪೋರ್ಟಿನಲ್ಲೇ ಇದೆ.

ಚಿಕ್ಕಮ್ಮನ ಮುಖ ಅರಳಿತು. "ಗುರುತೇ ಇರಲ್ವಾ? ಹಂಗಾದ್ರೆ ಮಾಡ್ಸಾಣ. ಒಬ್ರಿಗೂ ಹೇಳೋದು ಬ್ಯಾಡ."

ನನ್ನ ಇಡೀ ಹೋರಾಟ ಮುಚ್ಚಿಡುವುದಕ್ಕೇ ಅನುಕೂಲವಾಯಿತು.

"ಗೆದ್ದೆ ಕಣೇ, ಕರಪತ್ರದ ಡಾಕ್ಟ್ರೇ" ಎಂದು ಅಕ್ಕ ಮುಸಿಮುಸಿ ನಕ್ಕಳು.

ಅಂದೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತುಮಾಡಿದೆವು. ಮಾರನೇ ದಿನ ಗಂಡಿನ ಕಡೆಯವರು ಬಂದರು. ಹುಡುಗನದು ಹಿಂದೂಪುರದ ಕಡೆಯ ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಲಾರಿಗಳಿಗೆ ಪಂಚರ್ ಹಾಕುವ ಅಂಗಡಿ.

ನಾನು ನಿಜ ಹೇಳುವ ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೇನೆ... ಅಷ್ಟರಲ್ಲಿ ಅಕ್ಕ ಕಾಫಿ ಲೋಟ ಕೊಡುತ್ತಾ ಹುಡುಗನಿಗೇ ಹೇಳಿಬಿಟ್ಟಳು. "ನನ್ ಹಾರ್ಟಲ್ಲಿ ಒಂದು ತೂತೈತೆ. ತೊಡೆಯಿಂದ ಟ್ಯೂಬ್ ಬಿಟ್ಟು ಮುಚ್ತಾರಂತೆ. ಮುಚ್ಚುಸ್ಕಂಡು ಬತ್ತೀನಿ, ಆಮೇಲೆ ಮಾತಾಡಾಣ."

ಚಿಕ್ಕಮ್ಮ ಗೋಡೆ ಹಿಡಿದು ನಿಂತರು. ಹುಡುಗನ ತಾಯಿ "ಲೇಯ್‌ರಾ, ಪೋದಾಂ" ಎಂದು ತೆಲುಗಿನಲ್ಲಿ ಹೇಳುತ್ತಾ ಎದ್ದೇಬಿಟ್ಟರು.

ಹುಡುಗ ಏಳಲಿಲ್ಲ. ಲೋಟ ಕೆಳಗಿಟ್ಟು ಅಕ್ಕನನ್ನು ಕೇಳಿದ.

"ಒಳಗಿಂದ ಹಾಕೋ ಪ್ಯಾಚಾ? ಅದು ಗಟ್ಟಿ ನಿಲ್ತೈತೆ ಬಿಡಿ."

ನನ್ನ ಕರಪತ್ರಗಳು ಬ್ಯಾಗಿನಲ್ಲೇ ಉಳಿದವು.

"ಯಾವತ್ತು ಹೋಗ್ತಿದೀರಾ? ನಾನೂ ಬರ್ಲಾ?" ಎಂದು ಕೇಳಿದ. ಅವನ ತಾಯಿ ಮತ್ತೆ ಕೂತರು.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಅಲ್ಲಿ ನಿಮ್ಗೇನೂ ಕೆಲಸ ಇಲ್ಲ, ಪ್ಯಾಚು ಡಾಕ್ಟ್ರೇ ಹಾಕ್ತಾರೆ. ಬರೋದಾದ್ರೆ ಬನ್ನಿ. ಭಾನುವಾರ ರಾತ್ರಿ ಇವ್ಳ ಮನೇಲಿರ್ತೀವಿ. ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಹಿಂದೂಪುರ ಬಸ್ ಸ್ಟ್ಯಾಂಡಲ್ಲಿ."